ಕಾಶಿಯ ಘಟ್ಟಗಳಲ್ಲಿ ಸ್ವಬಲದ ಕಸುಬುಗಳು

ಗಂಗೆಯು ತನ್ನ ಸಹಜಗತಿಯನ್ನು ಬಿಟ್ಟು ಉತ್ತರಾಭಿಮುಖವಾಗಿ ಹರಿಯುವ ಕಾಶಿಯ ಅರ್ಧಚಂದ್ರಾಕೃತಿಯ ದಂಡೆಯ ಮೇಲೆ, ದಕ್ಷಿಣದ ಅಸ್ಸಿಯಿಂದ ಉತ್ತರದ ರಾಜಘಾಟಿನವರೆಗೆ ಸಾಲುಗೂಡಿ ನಿಂತಿರುವ 84 ಘಟ್ಟಗಳಲ್ಲಿ, ಬ್ರಾಹ್ಮೀಮುಹೂರ್ತದಿಂದ ಸಂಧ್ಯಾರತಿಯವರೆಗೆ ನಡೆಯುವ ವ್ಯಾಪಾರವನ್ನು ಕೇವಲ ಭಕ್ತಿಯ ಕಣ್ಣಿನಿಂದ ನೋಡಿ ಹಿಂದಿರುಗುವ ಯಾತ್ರಿಕನಿಗೆ ಒಂದು ಸಂಗತಿ ಮರೆಯಾಗಿಯೇ ಉಳಿಯುವ ಸಂಭವವುಂಟು. ಅಲ್ಲಿ ಅಸಂಖ್ಯ ಕುಟುಂಬಗಳು ಯಾವ ಸರಕನ್ನೂ ಮಾರದೆ, ಯಾವ ಅಂಗಡಿಯನ್ನೂ ತೆರೆಯದೆ, ತಮ್ಮ ತೋಳು, ಕಂಠ, ನೆನಪು, ಕೈಗುಣ ಇವುಗಳನ್ನೇ ಮೂಲಧನವನ್ನಾಗಿ ಮಾಡಿಕೊಂಡು ತಲೆತಲಾಂತರದಿಂದ ಜೀವಿಸಿಕೊಂಡು ಬಂದಿವೆ. ದೋಣಿ ನಡೆಸುವವನು, ಬಿದಿರಿನ ಛತ್ರಿಯ ಕೆಳಗೆ ಕುಳಿತು ಸಂಕಲ್ಪ ಹೇಳಿಸುವವನು, ಮುಂಡನ ಮಾಡುವವನು, ಎಣ್ಣೆ ತಿಕ್ಕಿ ಮೈ ನೀವುವವನು, ಬಟ್ಟೆ ಒಗೆಯುವವನು, ಪರದೇಶದವರಿಗೆ ತಬಲವನ್ನೋ ಸಂಸ್ಕೃತವನ್ನೋ ಕಲಿಸುವವನು, ಶ್ರಾದ್ಧದ ಅಡುಗೆಗೆ ನಿಲ್ಲುವವನು, ಇವರೆಲ್ಲರೂ ಆ ದಂಡೆಯ ಮೇಲಿನ ಸೇವಾವೃತ್ತಿಯವರೇ.

ಸಣ್ಣದೊಂದು ಸೇವಾವೃತ್ತಿಯನ್ನು ಕೈಗೊಂಡವನು ಅದನ್ನು ಬೆಳೆಸುವುದೆಂತು ಎಂಬ ಪ್ರಶ್ನೆಗೆ ಈ ಕಾಲದಲ್ಲಿ ದೊರೆಯುವ ಉತ್ತರಗಳು ಬಹುಮಟ್ಟಿಗೆ ಸಾಲವನ್ನೂ ಜಾಹೀರಾತನ್ನೂ ಶಾಖೋಪಶಾಖೆಗಳನ್ನೂ ಕುರಿತವು. ಅವು ನಿರುಪಯುಕ್ತವೆಂದು ನಾನು ಹೇಳಲಾರೆ. ಆದರೆ ಸಾಲಕ್ಕೆ ಒತ್ತೆಯಿಡಲು ಏನೂ ಇಲ್ಲದ, ಜಾಹೀರಾತಿಗೆ ತೆರಲು ಕಾಸಿಲ್ಲದ ಮನುಷ್ಯನ ಬಳಿ ಇರತಕ್ಕದ್ದು ಅವನೇ. ಅವನಿಗೆ ಹುಟ್ಟಿನಿಂದ ಬಂದದ್ದೋ ಅಭ್ಯಾಸದಿಂದ ಕೂಡಿದ್ದೋ ಆದ ಒಂದು ಸಾಮರ್ಥ್ಯ, ಅದರ ಬೆಲೆಯನ್ನು ಬಲ್ಲ ನಾಲ್ಕು ಜನ, ಇಷ್ಟು ಮಾತ್ರ. ಅದನ್ನು ಸರಿಯಾಗಿ ಗುರುತಿಸಿ, ವರ್ಷದಿಂದ ವರ್ಷಕ್ಕೆ ಆಳವಾಗಿ ಕೃಷಿಮಾಡಿ, ತನ್ನಲ್ಲಿ ಕೊರತೆಯಿರುವ ಕಡೆ ಇನ್ನೊಬ್ಬರ ಸಾಮರ್ಥ್ಯದೊಡನೆ ಕೈಜೋಡಿಸುವುದೇ ಅಂಥವನಿಗೆ ಉಳಿದಿರುವ ಮಾರ್ಗವೆಂದೂ, ಅದು ದರಿದ್ರನ ಮಾರ್ಗವೆನಿಸಿದರೂ ವಾಸ್ತವವಾಗಿ ಅತ್ಯಂತ ಭದ್ರವಾದ ಮಾರ್ಗವೆಂದೂ ನನ್ನ ನಂಬುಗೆ. ಆ ನಂಬುಗೆಗೆ ಕಾಶಿಯ ದಂಡೆಯಷ್ಟು ವಿಪುಲವಾದ ಸಾಕ್ಷ್ಯ ಇನ್ನೆಲ್ಲಿಯೂ ದೊರೆಯಲಾರದು.

ಇದನ್ನು ಹೇಳಲು ಕನ್ನಡಿಗರಿಗೆ ಒಂದು ವಿಶೇಷವಾದ ಅಧಿಕಾರವೂ ಉಂಟು. ಏಕೆಂದರೆ ಶತಮಾನಗಳಿಂದ ಆ ದಂಡೆಯ ಗಿರಾಕಿಗಳಾಗಿ ನಾವು ಹೋಗುತ್ತಿದ್ದೇವೆ. ಮದುವೆಯ ಚಪ್ಪರದಲ್ಲಿಯೂ ವರನನ್ನು ಕೊಡೆ ಕೋಲುಗಳೊಡನೆ ಕಾಶಿಗೆ ಹೊರಡಿಸಿ ನಿಲ್ಲಿಸುವ ಜನ ನಾವು. ಗೋದೌಲಿಯಾದ ಬಳಿ ಇರುವ ಜಂಗಮವಾಡಿ ಮಠವು ವೀರಶೈವರ ಪಂಚಪೀಠಗಳಲ್ಲಿ ಒಂದು. ಅಗಲಿದ ಬಂಧುಗಳ ಹೆಸರಿನಲ್ಲಿ ಭಕ್ತರು ಪ್ರತಿಷ್ಠಾಪಿಸಿರುವ ಸಾವಿರಾರು ಲಿಂಗಗಳು ಅದರ ಆವರಣವನ್ನು ತುಂಬಿವೆ, ಮೊಗಲ್ ಬಾದಶಹರು ಕೊಟ್ಟ ಫರ್ಮಾನುಗಳು ಅಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಹನುಮಾನ್ ಘಟ್ಟಕ್ಕೂ ಹರಿಶ್ಚಂದ್ರ ಘಟ್ಟಕ್ಕೂ ನಡುವೆ ಮೈಸೂರು ಸಂಸ್ಥಾನವು ಕಟ್ಟಿಸಿದ ಘಟ್ಟ ಇಂದು ಕರ್ನಾಟಕದ ಹೆಸರಿನಲ್ಲಿದೆ. ರಾಘವಾಂಕನ ಕಾವ್ಯದಿಂದ ನಮ್ಮವನೇ ಆಗಿಹೋದ ಹರಿಶ್ಚಂದ್ರನು ಎಲ್ಲವನ್ನೂ ಕಳೆದುಕೊಂಡ ಬಳಿಕ ವೀರಬಾಹುಕನ ಆಳಾಗಿ ಸ್ಮಶಾನವನ್ನು ಕಾದದ್ದು ಆ ಪಕ್ಕದ ಘಟ್ಟದಲ್ಲಿಯೇ ಎಂಬ ನಂಬಿಕೆಯಿಂದ, ದೋಣಿಯಲ್ಲಿ ಹೋಗುವ ಕನ್ನಡದ ಮುದುಕಿಯರು ಇಂದಿಗೂ ಅಲ್ಲಿ ಕೈಮುಗಿಯುತ್ತಾರೆ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಮೊದಲ ಬಾರಿಗೆ ಹೊರಟಾಗ, ಎಂಟು ದಿನಗಳ ಯಾತ್ರೆಯ 20,000 ರೂಪಾಯಿ ವೆಚ್ಚದಲ್ಲಿ 5,000 ರೂಪಾಯಿಗಳನ್ನು ಕರ್ನಾಟಕ ಸರ್ಕಾರವೇ ಭರಿಸಿತು. ಹಿಂದೆ ಜೀವಮಾನದ ಕನಸಾಗಿದ್ದುದು ಈಗ ಸಾಮಾನ್ಯ ಸಂಸಾರಸ್ಥನಿಗೂ ಎಟುಕುವಂತಾಗಿದೆ.

ಕೇದಾರ ಘಟ್ಟದ ಕೆಂಪು ಬಿಳಿ ಪಟ್ಟೆಗಳ ಗೋಡೆಯ ಕೆಳಗೆ, ಇನ್ನೂ ನಸುಗತ್ತಲೆ ಹರಿಯದಿರುವಾಗ, ಹಾಸನದ ಕಡೆಯಿಂದಲೋ ಬಾಗಲಕೋಟೆಯ ಕಡೆಯಿಂದಲೋ ಬಂದ ಹತ್ತು ಹನ್ನೆರಡು ಮಂದಿ ವೃದ್ಧರ ಗುಂಪೊಂದು ಮೆಟ್ಟಿಲಿಳಿದು ಬರುತ್ತಿರುವುದನ್ನು ಅನುಭವಿಯಾದ ನಾವಿಕನು ನೋಡುವ ರೀತಿಯನ್ನು ಗಮನಿಸಬೇಕು. ಅವನ ದೃಷ್ಟಿ ಮೊದಲು ಬೀಳುವುದು ಅವರ ಕಾಲುಗಳ ಮೇಲೆ: ಯಾರು ಒಂದೊಂದು ಮೆಟ್ಟಿಲಿಗೂ ಎರಡೂ ಪಾದಗಳನ್ನು ಊರುತ್ತಾರೆ, ಯಾರು ಪಕ್ಕದವರ ಭುಜವನ್ನು ಹಿಡಿದಿದ್ದಾರೆ, ಯಾರಿಗೆ ಮಂಡಿ ನೋವು. ಅನಂತರ ಕಿವಿಗೊಡುತ್ತಾನೆ, ಅವರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಎರಡು ಮಾತು ಕೇಳಿದೊಡನೆ ತೆಲುಗೋ ತಮಿಳೋ ಕನ್ನಡವೋ ಎಂಬುದು ಅವನಿಗೆ ತಿಳಿದುಹೋಗುತ್ತದೆ. 'ನಿಧಾನ ಅಮ್ಮಾ, ಪಾಚಿ ಇದೆ, ಜಾರತ್ತೆ, ಕೈ ಹಿಡಿ' ಎಂಬ, ವಿಭಕ್ತಿಪ್ರತ್ಯಯಗಳೆಲ್ಲ ಉದುರಿಹೋದ, ಆದರೆ ಅರ್ಥದಲ್ಲಿ ಎಳ್ಳಷ್ಟೂ ಕುಂದಿಲ್ಲದ ಕನ್ನಡವೊಂದು ಆಗ ಅವನ ಬಾಯಿಂದ ಹೊರಡುತ್ತದೆ. ಸಾವಿರದೈನೂರು ಕಿಲೋಮೀಟರಿಗೂ ಮಿಗಿಲಾದ ದೂರದಿಂದ ಬಂದು, ಎರಡು ದಿನಗಳಿಂದ ಹಿಂದಿಯ ನಡುವೆ ಮೂಕಳಂತೆ ತಿರುಗಿದ ವೃದ್ಧೆಯ ಮುಖದಲ್ಲಿ ಆ ಕ್ಷಣ ಉಂಟಾಗುವ ಬದಲಾವಣೆಯನ್ನು ಕಂಡವರಿಗೆ, ಆ ನಾವಿಕನ ಕಸುಬಿನ ರಹಸ್ಯವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಅವಳು ತಾನಾಗಿಯೇ ಆ ದೋಣಿಯನ್ನು ಹತ್ತುತ್ತಾಳೆ, ಉಳಿದವರು ಅವಳನ್ನು ಹಿಂಬಾಲಿಸುತ್ತಾರೆ.

ಅವನು ಈ ಕನ್ನಡವನ್ನು ಯಾವ ಶಾಲೆಯಲ್ಲಿಯೂ ಕಲಿತವನಲ್ಲ. ಕೇದಾರ, ಹನುಮಾನ್, ಹರಿಶ್ಚಂದ್ರ ಘಟ್ಟಗಳ ನೆರೆಯು ಬಹುಕಾಲದಿಂದ ದಾಕ್ಷಿಣಾತ್ಯರ ವಸತಿ. ಬಾಲ್ಯದಲ್ಲಿ ತಂದೆಯ ದೋಣಿಯ ಮೂತಿಯಲ್ಲಿ ಕುಳಿತು ನೀರು ಮೊಗೆದು ಚೆಲ್ಲುತ್ತಿದ್ದಾಗಲೇ ಅವನ ಕಿವಿಗೆ ಮೂರು ನಾಲ್ಕು ಭಾಷೆಗಳು ಬಿದ್ದಿರುತ್ತವೆ. ಅದೇ ಅವಕಾಶ ಅವನ ಓರಗೆಯವರಿಗೂ ಇದ್ದಿತು. ಆದರೆ ಹಲವರು ಅದನ್ನು ಕೇಳಿ ಬಿಟ್ಟರು. ಇವನಾದರೋ ಕೇಳಿದ್ದನ್ನು ಹಿಡಿದಿಟ್ಟು, ಒಂದೊಂದು ತಂಡದಿಂದಲೂ ಎರಡೆರಡು ಮಾತು ಕಲಿತು, ಕೊನೆಗೆ ಬಂದವರ ನುಡಿಯ ಧಾಟಿಯಿಂದಲೇ ಅವರು ಧಾರವಾಡದ ಕಡೆಯವರೋ ಮೈಸೂರಿನ ಕಡೆಯವರೋ ಎಂದು ಊಹಿಸಬಲ್ಲವನಾದನು. ಸೂಕ್ಷ್ಮವಾದ ಕಿವಿ ಅವನಿಗೆ ದೈವದತ್ತವಾಗಿದ್ದಿರಬಹುದು. ಅದನ್ನು ಕಸುಬಿಗೆ ಕಟ್ಟಿದ್ದು ಅವನ ಸ್ವಂತ ಬುದ್ಧಿ.

ಕೇದಾರ ಘಟ್ಟದ ಮೇಲೆ ನಿಂತಿರುವ ಕುಮಾರಸ್ವಾಮಿ ಮಠದ ಐತಿಹ್ಯವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಹದಿನೇಳನೆಯ ಶತಮಾನದಲ್ಲಿ ತಮಿಳುನಾಡಿನಿಂದ ಬಂದ ಕುಮರಗುರುಪರರೆಂಬ ಕವಿಯತಿಗಳು, ಇಲ್ಲಿಯ ಅಧಿಕಾರಸ್ಥರೊಡನೆ ಮಾತನಾಡಲು ಹಿಂದೂಸ್ತಾನಿ ಬಾರದೆ ಶಾರದೆಯನ್ನು ಪ್ರಾರ್ಥಿಸಿ ಆ ಭಾಷೆಯನ್ನು ಸಂಪಾದಿಸಿದರೆಂದೂ, ಅದರ ಬಲದಿಂದಲೇ ಈ ಸ್ಥಳವನ್ನು ಪಡೆದರೆಂದೂ ಹೇಳುತ್ತಾರೆ. ಭಾಷೆಯನ್ನು ಶಾರದೆಯಿಂದ ಪಡೆದ ಯತಿಗೂ ಯಾತ್ರಿಕರಿಂದ ಪಡೆದ ನಾವಿಕನಿಗೂ ನಡುವೆ ಅಂತರ ಅಪಾರವಾದರೂ, ಪರಸ್ಥಳದವರ ನುಡಿಯನ್ನು ಬಲ್ಲವನಿಗೆ ಈ ದಂಡೆಯಲ್ಲಿ ನೆಲೆ ದೊರೆಯುತ್ತದೆಂಬ ಸಂಗತಿ ಮಾತ್ರ ಅಂದಿಗೂ ಇಂದಿಗೂ ಒಂದೇ ಆಗಿದೆ.

ಹಾಗೆಂದು ಮಾತೊಂದರಿಂದಲೇ ದೋಣಿ ಸಾಗುವುದಿಲ್ಲ. ಭಾರವುಳ್ಳವರನ್ನು ನಡುವೆ ಕುಳ್ಳಿರಿಸಿ ಎರಡು ಪಕ್ಕಗಳನ್ನೂ ಸಮತೂಕಕ್ಕೆ ತರುವುದು, ಪೌಷದ ಮಂಜಿನಲ್ಲಿ ಕಣ್ಣಿಗೆ ದಂಡೆ ಕಾಣದಿದ್ದಾಗ ದೇವಾಲಯಗಳ ಘಂಟಾನಾದದಿಂದ ದಿಕ್ಕನ್ನು ಅರಿಯುವುದು, ಬೇಸಗೆಯಲ್ಲಿ ಪೂರ್ವದಂಡೆಯ ಮರಳುದಿಬ್ಬ ಎಲ್ಲಿಯವರೆಗೆ ಚಾಚಿಕೊಂಡಿದೆ, ಯಾವ ಘಟ್ಟದ ಮುಂದೆ ಸುಳಿ ಏಳುತ್ತದೆ ಎಂಬುದನ್ನು ಬಲ್ಲವನಾಗಿರುವುದು, ಇವೆಲ್ಲ ಆ ಕಸುಬಿನ ತಳಹದಿ. ನಿಷಾದರಾಜ ಗುಹನ ವಂಶದವರೆಂದು ಹೆಮ್ಮೆಪಡುವ ಮಲ್ಲಾಹರೆಂಬ ಈ ನಾವಿಕರಲ್ಲಿ ಈ ತಳಹದಿ ಬಹುತೇಕ ಎಲ್ಲರಿಗೂ ಉಂಟು. ಆದುದರಿಂದಲೇ ಅದೊಂದೇ ಯಾರನ್ನೂ ಮುಂದಕ್ಕೆ ತರುವುದಿಲ್ಲ. ಎಲ್ಲರಲ್ಲಿಯೂ ಇರುವ ಬಲದ ಮೇಲೆ ತನ್ನೊಬ್ಬನಲ್ಲಿಯೇ ಇರುವ ಬಲವನ್ನು ಕೂಡಿಸಿದವನಿಗೆ ಏಳ್ಗೆ. ಒಬ್ಬನ ಬಲ ಭಾಷೆ, ಇನ್ನೊಬ್ಬನದು ಕಥನ. ಅಸ್ಸಿ, ದಶಾಶ್ವಮೇಧ, ಆದಿಕೇಶವ, ಪಂಚಗಂಗಾ, ಮಣಿಕರ್ಣಿಕಾ ಎಂಬ ಕ್ರಮದಲ್ಲಿ ನಡೆಯುವ ಪಂಚತೀರ್ಥಯಾತ್ರೆಗೆ ದೋಣಿಯಲ್ಲಿ ಕರೆದೊಯ್ಯುವವನು, ಒಂದೊಂದು ತೀರ್ಥದ ಮಹಿಮೆಯನ್ನೂ ಅದರದರ ಸ್ಥಾನದಲ್ಲಿ ಹೇಳಬಲ್ಲವನಾದರೆ, ಆ ಯಾತ್ರೆ ಬರಿಯ ಜಲವಿಹಾರವಾಗಿ ಉಳಿಯುವುದಿಲ್ಲ. ಮತ್ತೊಬ್ಬನ ಬಲ ಮೌನ. ಅಸ್ಥಿವಿಸರ್ಜನೆಗೆ ಬಂದ ಸಂಸಾರವನ್ನು ನಡುಹೊಳೆಗೆ ಕರೆದೊಯ್ದು, ಒಂದು ಮಾತೂ ಆಡದೆ ಹುಟ್ಟನ್ನು ಎತ್ತಿ ಹಿಡಿದು ದೋಣಿಯನ್ನು ಪ್ರವಾಹಕ್ಕೆ ಬಿಟ್ಟು ಕಾಯುವವನನ್ನು ಆ ಸಂಸಾರವು ಎಂದಿಗೂ ಮರೆಯುವುದಿಲ್ಲ. ಅಂಬಿಗರ ಚೌಡಯ್ಯನನ್ನು ಶರಣರ ಪಂಕ್ತಿಯಲ್ಲಿ ಕೂರಿಸಿ ಗೌರವಿಸಿದ ಕನ್ನಡಿಗರಿಗೆ, ದೋಣಿ ನಡೆಸುವುದು ಎಂತಹ ಘನವಾದ ಕಾಯಕವಾಗಬಲ್ಲುದೆಂಬುದನ್ನು ಹೇಳಿಕೊಡಬೇಕಾಗಿಲ್ಲ.

ಈ ಕಸುಬಿನ ಆರ್ಥಿಕ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಂಡರೆ ಸ್ವಬಲದ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಮಾನವಶಾಸ್ತ್ರಜ್ಞ ಅಸ್ಸಾ ಡೋರಾನ್ ಅವರು ಈ ನಾವಿಕರ ನಡುವೆ ಇದ್ದು ಒಂದು ಗ್ರಂಥವನ್ನೇ ಬರೆದಿದ್ದಾರೆ. ಯಾವ ಘಟ್ಟದಿಂದ ಯಾರು ದೋಣಿ ಬಿಡಬಹುದೆಂಬುದು ಅಲ್ಲಿ ವಂಶಪಾರಂಪರ್ಯದ ಹಕ್ಕು. ಆ ಹಕ್ಕುಳ್ಳವನು ಘಾಟ್‌ವಾರ್. ಹಕ್ಕಿಲ್ಲದವನು, ಸ್ವಂತ ದೋಣಿಯಿಲ್ಲದವನು, ಇನ್ನೊಬ್ಬರ ದೋಣಿ ನಡೆಸಿ ಸಂಪಾದನೆಯಲ್ಲಿ ಪಾಲು ಪಡೆಯಬೇಕು. ಇದರ ಮೇಲೆ ದಲಾಲಿಯ ಹೊರೆ ಬೇರೆ. ಗಿರಾಕಿಯನ್ನು ಕರೆತಂದ ರಿಕ್ಷಾದವನಿಗೋ ವಸತಿಗೃಹದವನಿಗೋ ಬಾಡಿಗೆಯಲ್ಲಿ ಒಂದು ಅಂಶ ಸಲ್ಲಬೇಕು. ಗಿರಾಕಿಯ ಪರಿಚಯ ಮಧ್ಯವರ್ತಿಯ ಕೈಯಲ್ಲಿರುವವರೆಗೆ ದುಡಿಮೆಯ ಕೆನೆಯೂ ಅವನ ಪಾಲೇ. ನೂರು ರೂಪಾಯಿಯ ಬಾಡಿಗೆಯಲ್ಲಿ ಮೂವತ್ತು ದಲಾಲಿಗೆ, ಉಳಿದುದರಲ್ಲಿ ಅರ್ಧ ದೋಣಿಯ ಒಡೆಯನಿಗೆ ಎಂದು ಇಟ್ಟುಕೊಳ್ಳೋಣ. ಹುಟ್ಟು ಹಾಕಿದವನಿಗೆ ಮಿಗುವುದು ಮೂವತ್ತೈದು. ಅದೇ ಮನುಷ್ಯನನ್ನು ಅರಸೀಕೆರೆಯ ಒಂದು ಸಂಸಾರವು ತಾನಾಗಿಯೇ ಹುಡುಕಿಕೊಂಡು ಬಂದರೆ, ದೋಣಿಯ ಪಾಲು ಅರ್ಧ ಕಳೆದರೂ ಅವನಿಗೆ ಐವತ್ತು ಸಲ್ಲುತ್ತದೆ. ಆ ಹೆಚ್ಚಿನ ಹದಿನೈದು ರೂಪಾಯಿ ಅವನ ಕನ್ನಡಕ್ಕೂ ಅವನ ಮರ್ಯಾದೆಗೂ ಸಂದ ಬೆಲೆ. ಹೀಗೆ ಕೂಡಿದ್ದರಿಂದ ಅವನು ಕಾಲಕ್ರಮದಲ್ಲಿ ತನ್ನದೇ ದೋಣಿಯನ್ನು ಕಟ್ಟಿಸಿಕೊಳ್ಳುವ ದಿನವೂ ಬರಬಹುದು. ಹಿಂದೆ ಈ ಪರಿಚಯವು ಕಾಗದ ಪತ್ರಗಳ ಮೂಲಕ, ಹೋಗಿಬಂದವರ ಬಾಯಿಮಾತಿನ ಮೂಲಕ ನಿಧಾನವಾಗಿ ಹಬ್ಬುತ್ತಿತ್ತು. ಈಗ ವಾಟ್ಸ್ಆ್ಯಪಿನಲ್ಲಿ ಒಂದು ಹೆಸರೂ ಹತ್ತು ಅಂಕಿಗಳೂ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಕ್ಷಣಮಾತ್ರದಲ್ಲಿ ದಾಟುತ್ತವೆ. ದಾಟಿಸುವ ಸಾಧನ ಬದಲಾಗಿದೆ. ದಾಟಲು ಯೋಗ್ಯವಾದ ಹೆಸರನ್ನು ಸಂಪಾದಿಸುವ ವಿಧಾನ ಬದಲಾಗಿಲ್ಲ.

2018ರಲ್ಲಿ ಅಲಕನಂದಾ ಎಂಬ ಹವಾನಿಯಂತ್ರಿತ ವಿಹಾರನೌಕೆಯು ಕಾಶಿಯ ಗಂಗೆಗೆ ಇಳಿದಾಗ ನಾವಿಕರು ಭಯಗೊಂಡು ಪ್ರತಿಭಟಿಸಿದರು. ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಹುಟ್ಟಿನ ದೋಣಿಯವನ ಅನ್ನವನ್ನು ದೊಡ್ಡ ಬಂಡವಾಳ ಕಸಿಯಬಲ್ಲುದು, ಕೆಲವರದನ್ನು ಕಸಿದೂ ಇರಬೇಕು. 2021ರ ಡಿಸೆಂಬರ್ 13ರಂದು ವಿಶ್ವನಾಥ ಧಾಮವು ಲೋಕಾರ್ಪಣೆಯಾಗಿ ಗಂಗಾತೀರದಿಂದ ನೇರವಾಗಿ ದೇವಾಲಯಕ್ಕೆ ಹಾದಿ ತೆರೆದ ಮೇಲೆ ಜಲಮಾರ್ಗದ ಸಂಚಾರ ಹೆಚ್ಚಿತು. ಡೀಸೆಲ್ ಯಂತ್ರಗಳ ಸ್ಥಾನದಲ್ಲಿ ಸಿಎನ್‌ಜಿ ಯಂತ್ರಗಳು ಬಂದುವು. ಯಂತ್ರದ ವೇಗದೊಡನೆ ತೋಳಿನ ವೇಗವನ್ನು ಪಂದ್ಯಕ್ಕಿಡುವ ನಾವಿಕನು ಸೋಲುವುದು ನಿಶ್ಚಯ. ಆದರೆ ವಿಹಾರನೌಕೆಯು ಮೆಟ್ಟಿಲಿನ ಬುಡದವರೆಗೆ ಬಂದು ಮಂಡಿನೋವಿನ ಮುದುಕಿಯ ಕೈ ಹಿಡಿಯಲಾರದು. ಒಬ್ಬ ಮಗನು ತಂದ ಅಸ್ಥಿಕಲಶಕ್ಕಾಗಿ ನಡುಹೊಳೆಯಲ್ಲಿ ಕಾದು ನಿಲ್ಲಲಾರದು. 'ಇದು ನಿಮ್ಮ ಮೈಸೂರು ಮಹಾರಾಜರ ಘಟ್ಟ, ನೋಡಿ' ಎಂದು ತೋರಿಸಿ ತಂಡದ ಮುಖಗಳನ್ನೆಲ್ಲ ಒಮ್ಮೆಗೇ ಆ ಕಡೆ ತಿರುಗಿಸಲಾರದು. ಸಣ್ಣವನಾಗಿರುವುದರಿಂದಲೇ ಸಾಧ್ಯವಾಗುವ ಈ ಕಾರ್ಯಗಳಲ್ಲಿ ತನ್ನ ಶಕ್ತಿಯನ್ನು ತೊಡಗಿಸಿದವನು ದೊಡ್ಡ ನೌಕೆಯ ಪಕ್ಕದಲ್ಲಿಯೇ ಬದುಕುತ್ತಿದ್ದಾನೆ.

ತೀರ್ಥಪುರೋಹಿತರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅವರ ಬಲವು ಬಹಿ ಎಂಬ ಉದ್ದನೆಯ ಹಸ್ತಲಿಖಿತ ಪುಸ್ತಕಗಳಲ್ಲಿ ಅಡಗಿದೆಯೆಂಬುದು ಯಾತ್ರೆ ಮಾಡಿದವರಿಗೆಲ್ಲ ಗೊತ್ತು. ಯಾವ ಪ್ರಾಂತದ ಯಾತ್ರಿಕರು ಯಾರ ಯಜಮಾನರೆಂಬ ಹಕ್ಕು ಪಂಡಾಗಳೆನಿಸಿದ ಈ ಪುರೋಹಿತರಲ್ಲಿ ಪಿತ್ರಾರ್ಜಿತ ಆಸ್ತಿಯಂತೆ ಮಕ್ಕಳಿಗೆ ಇಳಿದುಬರುತ್ತದೆ. ಊರು, ಗೋತ್ರ, ಬಂದವರ ಹೆಸರು, ತಂದೆ ತಾತಂದಿರ ಹೆಸರು, ಜೊತೆಯಲ್ಲಿದ್ದ ಬಂಧುಗಳು, ಕೆಳಗೆ ಯಾತ್ರಿಕನ ಸ್ವಹಸ್ತಾಕ್ಷರ. ಎಂದೋ ಬಂದು ಹೋದ ಅಜ್ಜನು ಕನ್ನಡದಲ್ಲಿ ಮಾಡಿದ ರುಜುವನ್ನು ಮೊಮ್ಮಗನ ಮುಂದೆ ಬಿಚ್ಚಿ ತೋರಿಸಿದಾಗ, ಅವನು ಬೇರೊಬ್ಬ ಪುರೋಹಿತನನ್ನು ಅರಸಿಕೊಂಡು ಹೋಗುವುದುಂಟೆ? ಗಿರಾಕಿಯ ಕುರಿತ ತಿಳಿವಳಿಕೆಯನ್ನು ಶ್ರದ್ಧೆಯಿಂದ ಬರೆದಿಟ್ಟು ಕಾಪಾಡುವುದು ಎಂತಹ ಮೂಲಧನವೆಂಬುದನ್ನು, ವ್ಯವಹಾರಶಾಸ್ತ್ರದ ಆಚಾರ್ಯರಿಗಿಂತ ಮುಂಚೆಯೇ ಈ ಪಂಡಾಗಳು ಕಂಡುಕೊಂಡಿದ್ದರು. ಆ ತಿಳಿವಳಿಕೆಯನ್ನು ದಕ್ಷಿಣೆಗಾಗಿ ಪೀಡಿಸುವುದಕ್ಕೆ ಬಳಸುವವರೂ ಅವರಲ್ಲಿ ಇದ್ದಾರೆ. ಅಂಥವರ ಮನೆಗೆ ಎರಡನೆಯ ತಲೆಮಾರು ಬರುವುದಿಲ್ಲ.

ಇನ್ನು ಕರ್ನಾಟಕದಿಂದಲೇ ಹೊರಡುವ ಒಂದು ಕಸುಬಿದೆ. ಅದರ ಬಗೆಗೆ ನನಗೆ ವಿಶೇಷವಾದ ಆದರ. ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ, ನಿವೃತ್ತ ಉಪಾಧ್ಯಾಯರೋ ಬ್ಯಾಂಕಿನ ಗುಮಾಸ್ತರೋ ಆಗಿದ್ದು, ಒಮ್ಮೆ ಸ್ವಂತ ತಂದೆತಾಯಿಗಳನ್ನು ಕಾಶಿಗೆ ಕರೆದುಕೊಂಡು ಹೋಗಿ ಬಂದು, ಮರುವರ್ಷ ನೆರೆಹೊರೆಯವರ ಒತ್ತಾಯದಿಂದ ಹತ್ತು ಜನರನ್ನು ಕರೆದೊಯ್ದು, ಕ್ರಮೇಣ ಅದನ್ನೇ ವೃತ್ತಿಯನ್ನಾಗಿ ಮಾಡಿಕೊಂಡ ಯಾತ್ರಾನಾಯಕರು ಇದ್ದಾರೆ. ಇವರ ಬಲ ಯಾವುದೆಂದು ಕೇಳಿದರೆ ಹಲವರು ರೈಲಿನ ವೇಳಾಪಟ್ಟಿಯ ಜ್ಞಾನವೆಂದು ಹೇಳಿಯಾರು. ಅದು ಹೊರಗಿನ ಮಾತು. ನಿಜವಾದ ಬಲ ತಾಳ್ಮೆ. ಎಪ್ಪತ್ತು ದಾಟಿದ ಮೂವತ್ತು ಜನ ಒಂದೇ ಪ್ರಶ್ನೆಯನ್ನು ಮೂವತ್ತು ಸಲ ಕೇಳಿದಾಗಲೂ ಮುಖದ ಒಂದು ಗೆರೆ ಅಲುಗದೆ ಉತ್ತರಿಸುವ, ಯಾರ ಮಾತ್ರೆ ಊಟಕ್ಕೆ ಮುಂಚೆ, ಯಾರದು ಊಟವಾದ ಮೇಲೆ ಎಂಬುದನ್ನು ನೆನಪಿಟ್ಟಿರುವ, ಜನಸಂದಣಿಯ ಗಲ್ಲಿಯಲ್ಲಿ ತಲೆ ಎಣಿಸುವುದನ್ನು ಒಮ್ಮೆಯೂ ತಪ್ಪಿಸದ ಶಕ್ತಿ ಎಲ್ಲರಿಗೂ ಬರುವಂಥದಲ್ಲ.

ಇವರು ಜೊತೆಯಲ್ಲಿ ಅಡುಗೆಯವರನ್ನೂ ಕರೆದೊಯ್ಯುತ್ತಾರೆ. ಧರ್ಮಶಾಲೆಯ ಹಿಂಭಾಗದ ಅಂಗಳದಲ್ಲಿ ಬೆಳಗಿನ ನಾಲ್ಕು ಗಂಟೆಗೆ ಅನಿಲದ ಒಲೆ ಹೊತ್ತುತ್ತದೆ. ಊರಿನಿಂದಲೇ ತಂದ ಸೋನಾಮಸೂರಿ ಅಕ್ಕಿ, ಬ್ಯಾಡಗಿ ಮೆಣಸಿನಕಾಯಿ ಹಾಕಿ ಮನೆಯಲ್ಲಿಯೇ ಕುಟ್ಟಿದ ಸಾರಿನ ಪುಡಿ, ಹುಣಸೆಹಣ್ಣಿನ ಉಂಡೆ, ತಗಡಿನ ಡಬ್ಬದಲ್ಲಿ ಉಪ್ಪಿನಕಾಯಿ, ಮಧುಮೇಹದವರಿಗಾಗಿ ಬೇರೆಯಾಗಿ ಕಟ್ಟಿಟ್ಟ ರಾಗಿಹಿಟ್ಟು. ಉತ್ತರಾಯಣದ ಚಳಿಯಲ್ಲಿ ಗಂಗೆಯಲ್ಲಿ ಮುಳುಗಿ ನಡುಗುತ್ತ ಬಂದವರಿಗೆ, ಒಗ್ಗರಣೆಯ ಕರಿಬೇವಿನ ಘಮವು ಮಹಡಿಯ ಮೆಟ್ಟಿಲಿನಲ್ಲಿಯೇ ಎದುರಾಗುತ್ತದೆ. ತಟ್ಟೆಯಲ್ಲಿ ಬಿಸಿ ಉಪ್ಪಿಟ್ಟು, ಲೋಟದಲ್ಲಿ ಕಾಫಿ. ಪೂರಿ ಕಚೋರಿಗಳನ್ನು ಎರಡು ದಿನ ತಿಂದು ಹೊಟ್ಟೆ ಕೆಡಿಸಿಕೊಂಡ ವೃದ್ಧರು ಯಾತ್ರೆಯನ್ನೇ ಮೊಟಕುಗೊಳಿಸುವ ಕಷ್ಟವನ್ನು ಬಲ್ಲ ಯಾತ್ರಾನಾಯಕನಿಗೆ, ಆ ಅಡುಗೆಯವನು ತನ್ನಷ್ಟೇ ಮುಖ್ಯನೆಂಬುದು ಚೆನ್ನಾಗಿ ಗೊತ್ತು. ತಾನೇ ಅಡುಗೆಗೂ ನಿಲ್ಲುತ್ತೇನೆ, ತಾನೇ ಸಂಕಲ್ಪವನ್ನೂ ಹೇಳಿಸುತ್ತೇನೆ ಎಂದು ಅವನು ಹೊರಡುವುದಿಲ್ಲ. ಅಡುಗೆಯವನ ಕೈಗುಣ, ಕೇದಾರ ಘಟ್ಟದ ನಾವಿಕನ ಕನ್ನಡ, ಪುರೋಹಿತನ ಬಹಿ, ತನ್ನ ತಾಳ್ಮೆ, ಈ ನಾಲ್ಕು ಬಲಗಳು ಕೂಡಿದಲ್ಲಿ ನಾಲ್ಕು ಜನರ ಕಸುಬೂ ಏಕಕಾಲದಲ್ಲಿ ಬೆಳೆಯುತ್ತದೆ. ಯಾರೊಬ್ಬರೂ ತಮ್ಮದಲ್ಲದ ಕೆಲಸಕ್ಕೆ ಕೈಹಾಕಿ ಅದನ್ನು ಕೆಡಿಸಬೇಕಾದುದಿಲ್ಲ. ಸಣ್ಣ ಸೇವಾವೃತ್ತಿಯ ಬೆಳವಣಿಗೆಗೆ ಇದಕ್ಕಿಂತ ವಿವೇಕದ ಮಾರ್ಗವನ್ನು ನಾನು ಕಾಣೆ.

ವಿಸ್ತಾರದ ಆಸೆಯಿಂದ ಈ ಕಸುಬುಗಳು ಕೆಡುವುದೂ ಉಂಟು, ಅದರ ಕಾರಣ ಸ್ಪಷ್ಟವಾಗಿದೆ. ಕನ್ನಡ ಬಲ್ಲ ನಾವಿಕನು ಐದು ದೋಣಿಗಳನ್ನು ಕೊಂಡನೆನ್ನೋಣ. ದೋಣಿಗಳು ಐದಾದುವು, ಕನ್ನಡವಾಡುವ ಬಾಯಿ ಒಂದೇ ಉಳಿಯಿತು. ಉಳಿದ ನಾಲ್ಕರಲ್ಲಿ ಕುಳಿತ ಯಾತ್ರಿಕರಿಗೆ ಅವನ ಹೆಸರು ದೊರೆಯಿತೇ ಹೊರತು ಅವನ ಸೇವೆ ದೊರೆಯಲಿಲ್ಲ. ಅವರು ಊರಿಗೆ ಹೋಗಿ ಹೇಳುವ ಮಾತೂ ಅದಕ್ಕೆ ತಕ್ಕಂತೆಯೇ ಇರುತ್ತದೆ. ಯಾತ್ರಾನಾಯಕನು ಮೂವತ್ತು ಜನರ ಸ್ಥಾನದಲ್ಲಿ ಮುನ್ನೂರು ಜನರನ್ನು ಹೊರಡಿಸಿದರೂ ಆಗುವುದು ಇದೇ. ಆದುದರಿಂದ ದೋಣಿಯನ್ನು ಹೆಚ್ಚಿಸುವುದಕ್ಕೆ ಮುಂಚೆ ಬಾಯನ್ನು ಹೆಚ್ಚಿಸಬೇಕು. ಎಂದರೆ ಮಗನಿಗೋ ತಮ್ಮನಿಗೋ ಶಿಷ್ಯನಿಗೋ ಆ ಬಲವನ್ನು ಧಾರೆಯೆರೆಯಬೇಕು. ಇದು ವರ್ಷಗಳ ಕೆಲಸ, ಅವಸರಕ್ಕೆ ಒಗ್ಗುವುದಲ್ಲ.

ಈ ಧಾರೆಯೆರೆಯುವ ಕ್ರಮದ ಅತ್ಯುಚ್ಚ ನಿದರ್ಶನವೂ ಕಾಶಿಯಲ್ಲಿಯೇ ಇದೆ. ಶಹನಾಯಿಯು ಬಹುಕಾಲ ಒಂದು ಸೇವಾವಾದ್ಯ. ನಮ್ಮ ನಾಗಸ್ವರದಂತೆ ಮದುವೆಯ ಬಾಗಿಲಿನಲ್ಲಿ, ದೇವಾಲಯದ ನೌಬತಖಾನೆಯಲ್ಲಿ ನುಡಿಯುತ್ತಿದ್ದ ಅದನ್ನು ಸಂಗೀತಸಭೆಯ ವೇದಿಕೆ ತನ್ನದೆಂದು ಎಣಿಸಿರಲಿಲ್ಲ. 1916ರಲ್ಲಿ ಬಿಹಾರದ ಡುಮ್ರಾಂವ್‌ನಲ್ಲಿ ಹುಟ್ಟಿದ ಬಿಸ್ಮಿಲ್ಲಾ ಖಾನರು ಬಾಲ್ಯದಲ್ಲಿಯೇ ಕಾಶಿಗೆ ಬಂದು, ವಿಶ್ವನಾಥ ದೇವಾಲಯದ ಶಹನಾಯಿ ಸೇವೆಗೆ ಸೇರಿದ್ದ ಸೋದರಮಾವ ಅಲಿ ಬಕ್ಷರಲ್ಲಿ ಶಿಷ್ಯವೃತ್ತಿ ಮಾಡಿದರು. ಪಂಚಗಂಗಾ ಘಟ್ಟದ ಮೇಲಿನ ಬಾಲಾಜಿ ದೇವಾಲಯ ಅವರ ಸಾಧನೆಯ ಸ್ಥಳವಾಯಿತು. ವಾದ್ಯ ಸಾಮಾನ್ಯವೆನಿಸಿಕೊಂಡಿದೆಯೆಂದು ಸಿತಾರಿಗೋ ಸರೋದಿಗೋ ಅವರು ಕೈಯಿಡಲಿಲ್ಲ. ತಮಗೆ ಬಂದ ಆ ಒಂದೇ ವಾದ್ಯದಲ್ಲಿ ಖಯಾಲನ್ನೂ ಠುಮ್ರಿಯನ್ನೂ ಕಜರಿಯನ್ನೂ ಹಾಡಿಸಬಲ್ಲಷ್ಟು ಉಸಿರನ್ನು ಸಾಧಿಸಿದರು. 1937ರಲ್ಲಿ ಕಲ್ಕತ್ತೆಯ ಸಂಗೀತ ಸಮ್ಮೇಳನದಲ್ಲಿ ನುಡಿಸಿದ ಮೇಲೆ ಶಹನಾಯಿಯು ಬಾಗಿಲನ್ನು ದಾಟಿ ಸಭೆಯೊಳಕ್ಕೆ ಬಂದಿತು; 1947ರಲ್ಲಿ ಸ್ವಾತಂತ್ರ್ಯದ ಸಂದರ್ಭದಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಮೊಳಗಿತು; 2001ರಲ್ಲಿ ಅವರಿಗೆ ಭಾರತರತ್ನವನ್ನು ತಂದಿತು.

ಕನ್ನಡಿಗರಿಗೆ ಅವರು ಇನ್ನೂ ಹತ್ತಿರದವರು. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನು ಆಧರಿಸಿ 1977ರಲ್ಲಿ ತೆರೆಕಂಡ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ, ಹಳ್ಳಿಯ ಸನಾದಿ ವಾದಕನಾಗಿ ರಾಜಕುಮಾರರು ಅಭಿನಯಿಸಿದರೆ, ಆ ವಾದ್ಯದಿಂದ ಹೊರಟ ನಾದವೆಲ್ಲ ಬಿಸ್ಮಿಲ್ಲಾ ಖಾನರ ಉಸಿರು. ಮದುವೆ ಮುಂಜಿಗಳಲ್ಲಿ ನುಡಿಸಿ ಹೊಟ್ಟೆ ಹೊರೆಯುವ ಒಬ್ಬ ಬಡ ಕಲಾವಿದನ ಬಾಳನ್ನು ಕನ್ನಡನಾಡು ಕಣ್ಣೀರಿಟ್ಟು ನೋಡಿತು. ಅಮೆರಿಕದಲ್ಲಿ ನೆಲಸುವಂತೆ ಕರೆದವರಿಗೆ, ಅಲ್ಲಿ ಗಂಗೆಯನ್ನು ಎಲ್ಲಿಂದ ತರುವಿರಿ ಎಂದು ಖಾನರು ಕೇಳಿದರೆಂಬ ಕಥೆಯನ್ನು ಕಾಶಿಯವರು ಪ್ರೀತಿಯಿಂದ ಹೇಳುತ್ತಾರೆ. ಅದನ್ನು ವೈರಾಗ್ಯದ ಮಾತೆಂದು ಮಾತ್ರ ನಾನು ತಿಳಿಯುವುದಿಲ್ಲ. ತನ್ನ ಬಲದ ಬೇರು ಎಲ್ಲಿದೆ ಎಂಬುದನ್ನು ಚೆನ್ನಾಗಿ ಅರಿತ ಒಬ್ಬ ಕಸುಬುದಾರನ ವಿವೇಕವೂ ಅದರಲ್ಲಿದೆ. ದೊಡ್ಡ ಸಂಸಾರವೊಂದನ್ನು ಅವರು ಕೊನೆಯವರೆಗೂ ಆ ಉಸಿರಿನಿಂದಲೇ ಸಾಕಿದರು. 2006ರ ಆಗಸ್ಟ್ 21ರಂದು ಕಾಶಿಯಲ್ಲಿಯೇ ತೀರಿಕೊಂಡರು.

ಎಲ್ಲರೂ ಬಿಸ್ಮಿಲ್ಲಾ ಖಾನರಾಗಲಾರರು. ದಂಡೆಯ ಮೇಲಿನ ಕಸುಬುದಾರನ ಮುಂದೆ ನಿಲ್ಲುವ ಕಷ್ಟಗಳು ತೀರ ಲೌಕಿಕವಾದುವು. ಅವುಗಳಲ್ಲಿ ದೊಡ್ಡದು ಮಳೆಗಾಲ. ಆಷಾಢ ಕಳೆದು ಗಂಗೆ ಏರತೊಡಗಿದಂತೆ ಘಟ್ಟದಿಂದ ಘಟ್ಟಕ್ಕೆ ಹೋಗುವ ಹಾದಿ ಮುಳುಗುತ್ತದೆ. ಕಾಶಿಯಲ್ಲಿ ನೀರಿನ ಮಟ್ಟ 70.262 ಮೀಟರನ್ನು ಮುಟ್ಟಿದರೆ ಎಚ್ಚರಿಕೆ, 71.262 ಮೀಟರನ್ನು ಮುಟ್ಟಿದರೆ ಅಪಾಯ. ಅದಕ್ಕೆ ಬಹಳ ಮೊದಲೇ ಆಡಳಿತವು ದೋಣಿಸಂಚಾರವನ್ನು ನಿಲ್ಲಿಸಿಬಿಡುತ್ತದೆ. ದೋಣಿಗಳನ್ನು ಮೇಲಿನ ಮೆಟ್ಟಿಲುಗಳಿಗೆ ಎಳೆದು ಕಟ್ಟಿ, ವಾರಗಟ್ಟಲೆ, ಕೆಲವು ವರ್ಷ ತಿಂಗಳುಗಟ್ಟಲೆ, ನಾವಿಕನು ಕೈಕಟ್ಟಿ ಕುಳಿತಿರಬೇಕು. ಕಾರ್ತಿಕ ಪೂರ್ಣಿಮೆಯ ದೇವದೀಪಾವಳಿಯ ಒಂದು ರಾತ್ರಿಯ ಸಂಪಾದನೆಯಿಂದ ಮಳೆಗಾಲದ ಸಾಲವನ್ನು ತೀರಿಸಬೇಕು. ಒಂದೇ ಬಲವನ್ನು ನಂಬಿದವನಿಗೆ ಆ ಬಲವು ನಿರುಪಯುಕ್ತವಾಗುವ ಋತು ಇದು. ಜಾಣರಾದ ಕೆಲವರು ಈ ದಿನಗಳನ್ನು ದೋಣಿಗೆ ಡಾಂಬರು ಬಳಿಯುವುದಕ್ಕೂ, ಹಿಂದೆ ಬಂದ ತಂಡಗಳವರಿಗೆ ಹಬ್ಬದ ಶುಭಾಶಯ ಹೇಳಿ ಮುಂದಿನ ಚಳಿಗಾಲದ ಯಾತ್ರೆಯನ್ನು ನಿಶ್ಚಯಿಸಿಕೊಳ್ಳುವುದಕ್ಕೂ ಉಪಯೋಗಿಸುತ್ತಾರೆ.

ಇಲ್ಲಿ ಕರ್ನಾಟಕವು ಮಾಡಬಹುದಾದ ಒಂದು ಉಪಕಾರವಿದೆ. ಯಾತ್ರಿಕನಿಗೆ ಸಹಾಯಧನ ಕೊಡುವ ನಮ್ಮ ಮುಜರಾಯಿ ಇಲಾಖೆಯು, ಅವನನ್ನು ಗಂಗೆಯ ಮೇಲೆ ಸುರಕ್ಷಿತವಾಗಿ ದಾಟಿಸುವವನ ಕಡೆಗೂ ಸ್ವಲ್ಪ ಕಣ್ಣು ಹರಿಸಬೇಕು. ಕಾಶಿಯಲ್ಲಿರುವ ಕರ್ನಾಟಕದ ಛತ್ರದ ಗೋಡೆಯ ಮೇಲೆ, ಕನ್ನಡ ಬಲ್ಲ ನಾವಿಕರ, ಪುರೋಹಿತರ, ಅಡುಗೆಯವರ ಹೆಸರುಗಳನ್ನೂ ನಿಗದಿಯಾದ ದರಗಳನ್ನೂ ಬರೆಸಿದರೆ ದಲಾಲಿಯ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ದೋಣಿಗಳು ಮೆಟ್ಟಿಲಿನ ಮೇಲೆ ಕಟ್ಟಿ ನಿಂತಿರುವ ಮಳೆಗಾಲದಲ್ಲಿ, ನಾವಿಕರ ಮಕ್ಕಳಿಗೆ ಅಲ್ಲಿಯೇ ಸಂಜೆಯ ಹೊತ್ತು ಒಂದು ಗಂಟೆಯ ಕನ್ನಡ ಪಾಠವನ್ನು ಏರ್ಪಡಿಸುವುದಕ್ಕೆ ಒಬ್ಬ ಉಪಾಧ್ಯಾಯ, ಒಂದು ಜಮಖಾನ, ಒಂದು ಕರಿಹಲಗೆ ಸಾಕು. ಆ ಪಾಠದಲ್ಲಿ ವ್ಯಾಕರಣವನ್ನು ಮೊದಲು ಹೇಳಬೇಕಾದುದಿಲ್ಲ. ನೂರರವರೆಗೆ ಎಣಿಕೆ, ಅಜ್ಜ, ಅಜ್ಜಿ, ಅತ್ತೆ, ಮಾವ, ತಂಗಿ ಎಂಬ ಸಂಬಂಧವಾಚಕಗಳು, ಮಂಡಿ, ಸೊಂಟ, ತಲೆಸುತ್ತು, ಎದೆನೋವು ಎಂಬ ವೃದ್ಧರ ಸಂಕಟಗಳ ಹೆಸರುಗಳು, ನೀರು ಎಷ್ಟು ಆಳವಿದೆ, ಎಲ್ಲಿ ಮುಳುಗಬಹುದು, ಎಲ್ಲಿ ಕೂಡದು ಎಂದು ಹೇಳುವ ವಾಕ್ಯಗಳು, ಮತ್ತು ಬಾಡಿಗೆ ಎಷ್ಟೆಂಬುದನ್ನು ದೋಣಿ ಹತ್ತುವುದಕ್ಕೆ ಮುಂಚೆಯೇ ಸ್ಪಷ್ಟವಾಗಿ ತಿಳಿಸುವ ಒಂದು ವಾಕ್ಯ. ಇಷ್ಟನ್ನು ಕಲಿತ ಹುಡುಗನು ಮುಂದಿನ ಮಾರ್ಗಶಿರದಲ್ಲಿ ತಂದೆಯ ದೋಣಿಯ ಮೂತಿಯಲ್ಲಿ ಕುಳಿತರೆ, ಆ ಮನೆಗೆ ಕನ್ನಡವಾಡುವ ಎರಡನೆಯ ಬಾಯಿ ಬಂದಂತಾಯಿತು. ಎರಡನೆಯ ದೋಣಿಯ ಯೋಚನೆಯನ್ನು ಅವರು ಅನಂತರ ಮಾಡಬಹುದು.